ಹಿಂದೆ ಬಿದ್ದ ಮಾತು

ನಮ್ಮೂರಿನಲ್ಲಿ ಮನಸ್ಸು ಸರಿಯಿಲ್ಲದವರ ಮಾತು ತಡವಾಗಿ ಕೇಳಿಸುತ್ತದೆ. ಆಡುವಾಗ ತುಟಿ ಅಲುಗುವುದಷ್ಟೇ ಕಾಣುತ್ತದೆ. ಸದ್ದು ಆಮೇಲೆ ಬರುತ್ತದೆ, ಅದೂ ಆಡಿದ ಜಾಗದಲ್ಲೇ. ಆಡಿದವರು ಅಲ್ಲೇ ಇದ್ದಾರೋ ಎದ್ದು ಹೋದರೋ ಅದಕ್ಕೆ ಬೇಕಾಗಿಲ್ಲ. ಇದಕ್ಕೆ ನಾವು ಮಾತು ಹಿಂದೆ ಬೀಳುವುದು ಅನ್ನುತ್ತೇವೆ. ಬ್ಯಾಂಕಿನಲ್ಲಿ ಅಂಥವರು ಕಾಯಲೆಂದೇ ಕೌಂಟರಿನ ಪಕ್ಕ ಒಂದು ಬೆಂಚು ಹಾಕಿದ್ದಾರೆ. ಕ್ಷೌರದಂಗಡಿಯಲ್ಲಿ ಗಿರಾಕಿ ತುಟಿ ಅಲುಗಿಸಿದರೆ ಕತ್ತರಿ ಕೆಳಗಿಟ್ಟು ಕಾಯುವುದು ರೂಢಿ. ಹಿಂದೊಮ್ಮೆ “ಗಡ್ಡ ಮಾತ್ರ ಸಾಕು” ಅಂದದ್ದು ತಲೆ ನುಣ್ಣಗಾದ ಮೇಲೆ ಕೇಳಿಸಿ ದೊಡ್ಡ ರಗಳೆಯಾಗಿತ್ತು.

ಇಷ್ಟೆಲ್ಲ ಏರ್ಪಾಡಿದ್ದರೂ ತನ್ನ ಮಾತು ಹಿಂದೆ ಬಿದ್ದಿದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡವರನ್ನು ನಾನು ಕಂಡಿರಲಿಲ್ಲ. ಎಲ್ಲರಿಗೂ ಗಂಟಲು ಕಟ್ಟಿರುತ್ತದೆ. ಕತ್ತಿನ ಮೇಲೆ ಕೈಯಿಟ್ಟು, ಮುಖ ಹಿಂಡಿ, ಸನ್ನೆ ಮಾಡುತ್ತಾರೆ. ಎದುರಿನವರೂ ಅಯ್ಯೋ ಪಾಪ, ಗಂಟಲು ಎಂದು ತಲೆಯಾಡಿಸಿ, ಮೂಲೆ ತಿರುಗಿದ ಮೇಲೆ ನಿಜ ಮಾತಾಡಿಕೊಳ್ಳುತ್ತಾರೆ. ನಮ್ಮೂರಿನ ಅಂಗಡಿಗಳಲ್ಲಿ ಖರ್ಚಾಗುವಷ್ಟು ಶುಂಠಿ, ಮೆಣಸು ಬೇರೆಲ್ಲೂ ಖರ್ಚಾಗಲಾರದು.

ನನ್ನ ಹೆಸರು ವನಮಾಲಾ. ಬಸ್ ನಿಲ್ದಾಣದಲ್ಲಿ ಅನೌನ್ಸ್ ಮಾಡುವುದು ನನ್ನ ಕೆಲಸ. ಪ್ರಯಾಣಿಕರ ಗಮನಕ್ಕೆ, ಬೂದಿಗುಡ್ಡಕ್ಕೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ ಎಂದು ನೀವು ಕೇಳಿದ್ದರೆ, ಅದು ನನ್ನ ದನಿ. ನನ್ನ ಮುಖ ಹೆಚ್ಚಿನವರಿಗೆ ಗೊತ್ತಿಲ್ಲ. ಮಹಡಿಯ ಮೇಲೆ ಗಾಜಿನ ಕಿಟಕಿಯ ಕೋಣೆಯೊಂದಿದೆ, ಅದರೊಳಗೆ ಕೂರುತ್ತೇನೆ. ದನಿ ಕೇಳಿ ಜನ ನನ್ನನ್ನು ತೆಳ್ಳಗೆ, ಬೆಳ್ಳಗೆ, ಉದ್ದ ಜಡೆಯವಳು ಅಂದುಕೊಂಡಿದ್ದಾರಂತೆ. ಅವರು ಅಂದುಕೊಂಡದ್ದನ್ನು ತಿದ್ದಲು ನಾನು ಹೋಗಿಲ್ಲ.

ಮೊದಲು ಆ ಕೋಣೆಯಲ್ಲಿ ನಾವು ಇಬ್ಬರಿದ್ದೆವು. ಪದ್ಮಾವತಮ್ಮ ನಿವೃತ್ತರಾದರು, ಹಾರ ಹಾಕಿಸಿಕೊಂಡು ಮನೆಗೆ ಹೋದರು. ಅವರ ಜಾಗಕ್ಕೆ ಇನ್ನೊಬ್ಬರನ್ನು ಕಳಿಸುತ್ತೇವೆ ಎಂದು ಮೇಲಿನ ಕಚೇರಿಯವರು ಹೇಳಿದರು. ಅವರು ಹೇಳಿದ್ದು ಆಗಲೇ ಕೇಳಿಸಿತು, ಆದದ್ದೇನೂ ಇಲ್ಲ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎರಡೂ ನನ್ನ ಪಾಲಿಗೆ ಬಂದವು. ವಾರದ ರಜೆ ಎರಡು ವಾರಕ್ಕೊಮ್ಮೆ ಆಯಿತು, ಆಮೇಲೆ ಯಾವಾಗಲಾದರೊಮ್ಮೆ ಆಯಿತು. ಬಸ್ಸು ತಡವಾದರೆ ಜನ ಡ್ರೈವರನ್ನು ಬಿಟ್ಟು, ಮೆಟ್ಟಿಲು ಹತ್ತಿ ಬಂದು, ಕಿಟಕಿ ಬಡಿದು ನನ್ನನ್ನು ಬೈಯುತ್ತಿದ್ದರು. ನಾನೇನು ಬಸ್ಸನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೆನೇ.

ಯಾವಾಗ ಶುರುವಾಯಿತು ಎಂದು ಸರಿಯಾಗಿ ಹೇಳಲಾರೆ. ಹೀಗೇ ಆಯಿತು ಎಂದು ಬೆರಳಿಟ್ಟು ತೋರಿಸುವಂಥ ದೊಡ್ಡ ಕಾರಣವೂ ಇರಲಿಲ್ಲ. ನಿದ್ದೆ ಹೋಯಿತು. ಹಾಸಿಗೆಯಲ್ಲಿ ಬಿದ್ದುಕೊಂಡು ಮರುದಿನದ ಬಸ್ಸುಗಳನ್ನು ಮನಸ್ಸಿನಲ್ಲೇ ಕರೆಯುತ್ತಿದ್ದೆ. ಬೆಳಿಗ್ಗೆ ನಿಲ್ದಾಣದ ಗೇಟು ಕಂಡ ಕೂಡಲೇ ಎದೆ ಡವಡವ ಅನ್ನುತ್ತಿತ್ತು, ಅಂಗೈ ಬೆವರುತ್ತಿತ್ತು. ಊಟ ಮಣ್ಣು ತಿಂದಂತೆ ಆಗುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಗಂಡನಿಗೆ, “ರೀ, ಉಪ್ಪು ಈ ಕಡೆ ಕೊಡಿ” ಅಂದೆ. ಅವರು ಸುಮ್ಮನೆ ಸಾರು ಕಲಸುತ್ತಿದ್ದರು. ಸಿಟ್ಟು ಬಂದು ಸಪ್ಪೆಯನ್ನೇ ತಿಂದು ಎದ್ದೆ. ಪಾತ್ರೆ ತೊಳೆಯುತ್ತಿರುವಾಗ ಊಟದ ಜಾಗದಿಂದ ನನ್ನದೇ ದನಿ ಬಂತು. ರೀ, ಉಪ್ಪು ಈ ಕಡೆ ಕೊಡಿ.

ಅಲ್ಲಿ ನಮ್ಮತ್ತೆ ಒಬ್ಬರೇ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಕತ್ತಿನ ಮೇಲೆ ಕೈಯಿಟ್ಟೆ.

“ಗಂಟಲಾ?” ಅಂದರು.

ತಲೆಯಾಡಿಸಿದೆ.

“ಸರಿ, ಕಷಾಯ ಮಾಡ್ತೀನಿ” ಅಂದರು. ಅವತ್ತಿನಿಂದ ದಿನಕ್ಕೆ ಎರಡು ಹೊತ್ತು ಕಷಾಯ ಕುಡಿದೆ. ಗಂಟಲು ಕಬ್ಬಿಣದಂತೆ ಗಟ್ಟಿಯಾಯಿತು. ಮಾತು ಮಾತ್ರ ಹೊತ್ತಿಗೆ ಬರಲಿಲ್ಲ.

ಗಂಡ ಭಾಸ್ಕರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಜಗಳ ಬರದ ಮನುಷ್ಯ. ಒಂದೆರಡು ದಿನ ಬಿಟ್ಟು ಮೆಲ್ಲಗೆ ಹೇಳಿದರು. “ಮಾಲಾ, ನಾನು ಮುಖ ಬರೆಯೋನು. ಗಂಟಲು ನೋವಿಗೆ ಮನುಷ್ಯರ ಕಣ್ಣು ಹೀಗೆ ಆಗಲ್ಲ.”

“ನಿಮಗೇನು ಗೊತ್ತು, ಮಕ್ಕಳ ಕೈಲಿ ಮಾವಿನಹಣ್ಣು ಬರೆಸಿ ಮನೆಗೆ ಬರೋರಿಗೆ” ಅಂದೆ. ಅಂದ ಕೂಡಲೇ ತಪ್ಪಾಯಿತು ಅನ್ನಿಸಿತು. ಮಾತು ಹಿಂದೆ ಬಿದ್ದವರಿಗೆ ಇರುವ ಒಂದೇ ಅನುಕೂಲ ಇದು, ಆಡಿದ್ದು ಕೇಳಿಸುವ ಮೊದಲು ಪಶ್ಚಾತ್ತಾಪ ಪಡಲು ಸಮಯ ಸಿಗುತ್ತದೆ. ಅವರ ಕೈ ಹಿಡಿದು ಎಳೆದುಕೊಂಡು ಕೆರೆಯ ಕಡೆ ವಾಕಿಂಗ್ ಹೊರಟೆ. ಮದುವೆಯಾದ ಮೇಲೆ ನಾನಾಗಿ ಅವರನ್ನು ತಿರುಗಾಡಲು ಕರೆದದ್ದು ಅದೇ ಮೊದಲು. ಅವರು ಖುಷಿಯಿಂದ ಬಂದರು. ಬೈಗುಳ ಪಡಸಾಲೆಯಲ್ಲಿ ಅತ್ತೆಯ ಕಿವಿಗೆ ಬಿತ್ತು. ತಮ್ಮ ಮಗನಿಗೆ ಹೀಗೆ ಅನ್ನುವುದೇ ಎಂದು ಅವರು ಒಂದು ವಾರ ಮಾತು ಬಿಟ್ಟರು. ಕಷಾಯ ಮಾತ್ರ ಬಿಡಲಿಲ್ಲ.

ಮನೆಯಲ್ಲಿ ಹೇಗೋ ನಡೆಯುತ್ತದೆ, ಕೆಲಸಕ್ಕೆ ಏನು ಮಾಡುವುದು. ನನಗೆ ಒಂದು ಉಪಾಯ ಹೊಳೆಯಿತು. ಮಾತು ಎಷ್ಟು ಹಿಂದಿದೆಯೋ ಅಷ್ಟು ಮುಂಚೆ ಆಡಿಬಿಡುವುದು. ಬಸ್ಸು ಬರುವುದಕ್ಕೆ ಒಂದು ಗಂಟೆ ಮೊದಲೇ ಅದರ ಹೆಸರು ಕರೆದು ಮುಗಿಸುತ್ತಿದ್ದೆ. ಕೆಳಗಿನಿಂದ ನನ್ನ ತುಟಿ ಯಾರಿಗೂ ಕಾಣದಿರಲಿ ಎಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಮೊದಮೊದಲು ಅದ್ಭುತವಾಗಿ ನಡೆಯಿತು. ನಾನು ಪಕ್ಕದ ಸಂತೆಯಲ್ಲಿ ಹುರುಳಿಕಾಯಿ ಆರಿಸುತ್ತಿರುವಾಗ ನಿಲ್ದಾಣದಲ್ಲಿ ನನ್ನ ದನಿ ಶಿಸ್ತಾಗಿ ಕೆಲಸ ಮಾಡುತ್ತಿತ್ತು. ಹುರುಳಿಕಾಯಿಯವಳು ಸ್ಪೀಕರಿನ ಕಡೆ ಬೆರಳು ತೋರಿಸಿ, “ಆ ಹುಡುಗಿ ಒಂದು ದಿನ ರಜಾ ಹಾಕಲ್ಲ ನೋಡಿ” ಅಂದಳು.

ಕಷ್ಟ ಏನೆಂದರೆ ಮಾತು ಒಂದೇ ಅಳತೆಯಲ್ಲಿ ಹಿಂದೆ ಬೀಳುವುದಿಲ್ಲ. ಬೇಜಾರು ಹೆಚ್ಚಾದ ದಿನ ಇನ್ನೂ ಹಿಂದೆ, ಕಡಿಮೆಯಾದ ದಿನ ಸ್ವಲ್ಪ ಹತ್ತಿರ. ಹಾಗಾಗಿ ನಾಳೆ ಎಷ್ಟು ಬೇಜಾರಾಗಿರುತ್ತೇನೆ ಎಂದು ಇವತ್ತೇ ಅಂದಾಜು ಮಾಡಬೇಕಾಗಿತ್ತು. ಒಂದು ದಿನ ಬೆಳಿಗ್ಗೆ ನಮ್ಮ ಓಣಿಯ ನಾಯಿಮರಿಯೊಂದು ಕಾಲಿಗೆ ಸುತ್ತಿಕೊಂಡು ಆಟವಾಡಿತು, ಮನಸ್ಸು ಕೊಂಚ ಹಗುರಾಯಿತು. ಅಷ್ಟೇ, ಅವತ್ತು ಎಲ್ಲ ಬಸ್ಸುಗಳ ಹೆಸರೂ ಮುಂಚೆಯೇ ಕೇಳಿಸಿ ಜನ ಖಾಲಿ ಅಂಕಣಗಳಿಗೆ ಓಡಾಡಿದರು. ಮಾರನೆಯ ದಿನ ಆ ನಾಯಿಮರಿ ಕಂಡರೆ ದಾರಿ ತಪ್ಪಿಸಿಕೊಂಡು ಹೋದೆ. ಕೆಲಸ ಉಳಿಯಬೇಕಾದರೆ ಹದವಾಗಿ ದುಃಖದಲ್ಲಿರಬೇಕಾಗಿತ್ತು, ಆ ಹದ ಕಾಯುವುದರಲ್ಲೇ ದುಃಖ ಹೆಚ್ಚಾಗುತ್ತಿತ್ತು.

ನಮ್ಮ ಕಂಟ್ರೋಲರ್ ಗುರುಲಿಂಗಪ್ಪನವರ ಭಯ ಬೇರೆ. ಬಸ್ಸುಗಳು ಬಂದು ಹೋಗುವುದೆಲ್ಲ ಅವರ ಕೈಯಲ್ಲಿ. ಸದಾ ಬಾಯಲ್ಲಿ ಬೀಡಾ, ಕೈಯಲ್ಲಿ ಸೀಟಿ. ಯಾರು ಏನು ಕೇಳಿದರೂ ಕೂಡಲೇ ಉತ್ತರ ಕೊಡುವವರಲ್ಲ. ಬೀಡಾ ಜಗಿಯುತ್ತಾ ನೆಟ್ಟಗೆ ನೋಡುತ್ತಾರೆ. ಕೇಳಿದವರಿಗೆ ತಾವು ಕೇಳಿದ್ದು ಎಂಥ ದಡ್ಡತನ ಎಂದು ತಾವಾಗಿಯೇ ಅರ್ಥವಾಗಿ ಹೊರಟುಹೋಗುತ್ತಾರೆ. ಬಹಳ ತೂಕದ ಮನುಷ್ಯ ಎಂದು ಹೆಸರಾಗಿತ್ತು. ಅವರು ನನ್ನ ಕಿಟಕಿಯ ಮುಂದೆ ಹಾದುಹೋದರೆ ನನ್ನ ಮಾತು ಇನ್ನಷ್ಟು ಹಿಂದೆ ಸರಿಯುತ್ತಿತ್ತು.

ಮದುವೆಯ ದಿನಗಳು ಬಂದವು. ನಿಲ್ದಾಣ ಜನರಿಂದ ಗಿಜಿಗಿಜಿ ಅನ್ನುತ್ತಿತ್ತು. ಅಂಥದೊಂದು ದಿನ ಸಂಜೆ, ಪಾಳಿ ಮುಗಿದು ಮೈಕು ಆರಿಸಿದ ಮೇಲೂ, ಕುರ್ಚಿಯಿಂದ ಏಳಲು ನನಗೆ ಆಗಲಿಲ್ಲ. ಎದ್ದರೆ ಮನೆಗೆ ಹೋಗಬೇಕು, ಮನೆಗೆ ಹೋದರೆ ಬೆಳಗಾಗುತ್ತದೆ, ಬೆಳಗಾದರೆ ಮತ್ತೆ ಇಲ್ಲಿಗೇ ಬರಬೇಕು. ಮೇಜಿನ ಮೇಲೆ ತಲೆಯಿಟ್ಟೆ. ಏನೋ ಹೇಳಿಕೊಂಡೆ. ಒಂದೆರಡು ಗಂಟೆ ಬಿಟ್ಟು ಖಾಲಿ ಕೋಣೆಯಲ್ಲಿ ಕೇಳಿಸಿ ಮುಗಿದುಹೋಗುತ್ತದೆ, ಗೋಡೆ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದುಕೊಂಡೆ. ಕಣ್ಣೊರೆಸಿಕೊಂಡು ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಬೇಗ ಬಂದು ಮೈಕು ಹಚ್ಚಿ, ಮೊದಲ ಕೆಲವು ಬಸ್ಸುಗಳನ್ನು ಕರೆದು ಇಟ್ಟು, ಚಹಾ ಕುಡಿಯಲು ಕೆಳಗಿನ ಕ್ಯಾಂಟೀನಿಗೆ ಹೋದೆ. ಬೆಂಚಿನ ಮೇಲೆ ಜಾಗವೇ ಇರಲಿಲ್ಲ. ದಪ್ಪಗಿನ ಹೆಂಗಸೊಬ್ಬರು ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡಿದ್ದರು. ಕುಂಬಳಕಾಯಿಯನ್ನು ಈ ತೊಡೆಯಿಂದ ಆ ತೊಡೆಗೆ ಸರಿಸಿ ನನಗೆ ಜಾಗ ಕೊಟ್ಟರು. ಮಗಳ ಮನೆಗೆ ಹೊರಟಿದ್ದಾರಂತೆ, ಹಂಚಿನಪೇಟೆಗೆ. ಬಸ್ಸಿನ ಹೆಸರು ಕರೆಯಲಿ ಎಂದು ಕಾಯುತ್ತಿದ್ದರು. ನಾನೂ ಅದಕ್ಕೇ ಕಾಯುತ್ತಿದ್ದೆ.

ಸ್ಪೀಕರು ಗೊರಗೊರ ಅಂದಿತು. ಬಂದದ್ದು ಬಸ್ಸಿನ ಹೆಸರಲ್ಲ.

“ನನ್ನ ಕೈಲಿ ಆಗ್ತಿಲ್ಲ. ನಾಳೆ ಬರೋಕೆ ಭಯ ಆಗ್ತಿದೆ. ದಿನಾ ಭಯ ಆಗ್ತಿದೆ. ಯಾರ ಹತ್ರ ಹೇಳಲಿ. ಯಾರಾದರೂ ಒಂದು ಸಲ ಬಂದು, ನೀನು ಸುಮ್ಮನೆ ಕೂತ್ಕೋ, ಇವತ್ತು ನಾನು ನೋಡ್ಕೋತೀನಿ ಅಂದರೆ ಸಾಕಿತ್ತು.”

ಆಮೇಲೆ ಅಳು. ಅದೂ ಸ್ಪಷ್ಟವಾಗಿಯೇ ಕೇಳಿಸಿತು. ನಮ್ಮ ನಿಲ್ದಾಣದ ಸ್ಪೀಕರುಗಳು ಅಷ್ಟು ಚೆನ್ನಾಗಿವೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಕಡಲೆಕಾಯಿ ಮಾರುವವನು ಕೂಗು ನಿಲ್ಲಿಸಿದ. ಮದುವೆ ದಿಬ್ಬಣವೊಂದು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ನಿಂತುಬಿಟ್ಟಿತು. ನನ್ನ ಕೈಯಲ್ಲಿದ್ದ ಲೋಟದಿಂದ ಚಹಾ ಸೀರೆಯ ಮೇಲೆ ಚೆಲ್ಲಿತು.

ಕುಂಬಳಕಾಯಿಯ ಹೆಂಗಸು ನನ್ನ ಕಡೆ ತಿರುಗಿ, “ಪಾಪ, ಯಾರ ಮನೆ ಮಗಳೋ” ಅಂದರು. “ನಿನ್ನೆ ಹೇಳಿಕೊಂಡಿದ್ದು ಇವತ್ತು ಬರ್ತಿದೆ ಅಂದರೆ ಎಷ್ಟು ಸಂಕಟ ಇರಬೇಕು ಅವಳಿಗೆ. ಬನ್ನಿ, ಹೋಗಿ ನೋಡೋಣ. ನೀವೂ ಬನ್ನಿ.”

“ಅದು ನಾನೇ” ಅಂದೆ. ಅದು ಅವರಿಗೆ ಕೇಳಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಬೆಂಚು ಖಾಲಿಯಾಗಿದ್ದಾಗ, ಯಾರೂ ಇಲ್ಲದೆಯೇ ಯಾರೋ ಅದು ನಾನೇ ಅಂದರು ಎಂದು ಕ್ಯಾಂಟೀನಿನವನು ಇವತ್ತಿಗೂ ಹೆದರಿಕೊಂಡು ಹೇಳುತ್ತಾನೆ.

ಅವರು ಒಂದು ಕೈಯಲ್ಲಿ ಕುಂಬಳಕಾಯಿ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ನಮ್ಮ ಹಿಂದೆ ದಿಬ್ಬಣದ ಇಬ್ಬರು ಹೆಂಗಸರು, ಕಡಲೆಕಾಯಿಯವನು, ಇನ್ನೂ ನಾಲ್ಕಾರು ಜನ ಬಂದರು. ನನ್ನನ್ನು ಸಮಾಧಾನ ಮಾಡಲು ಹೊರಟ ಗುಂಪಿನಲ್ಲಿ ನಾನೂ ಒಬ್ಬಳಾಗಿ ಹೋದೆ. ಕೋಣೆಯ ಬಾಗಿಲು ತೆರೆದರೆ ಕುರ್ಚಿ ಖಾಲಿ. ಎಲ್ಲರ ಮುಖ ಕಪ್ಪಿಟ್ಟಿತು.

“ಎಲ್ಲಿ ಹೋದಳು? ಏನಾದರೂ ಮಾಡಿಕೊಂಡಳೋ ಏನೋ” ಎಂದು ಒಬ್ಬರು ಪಿಸುಗುಟ್ಟಿದರು. ಕಡಲೆಕಾಯಿಯವನು ನೀರಿನ ಟ್ಯಾಂಕಿನ ಕಡೆ ಓಡಿದ. ದಿಬ್ಬಣದ ಹೆಂಗಸರು ರೇಷ್ಮೆ ಸೀರೆ ಎತ್ತಿಕಟ್ಟಿ ಶೌಚಾಲಯದ ಕಡೆ ಹೋದರು. ಕುಂಬಳಕಾಯಿಯ ಹೆಂಗಸು ನನ್ನ ಭುಜ ಅಲುಗಿಸಿ, “ನಿಂತ್ಕೊಂಡು ಏನು ನೋಡ್ತೀರಿ, ನೀವು ಆ ಕಡೆ ಹುಡುಕಿ” ಅಂದರು. ನಾನು ಆ ಕಡೆ ಎರಡು ಹೆಜ್ಜೆ ಹೋದದ್ದೂ ನಿಜ. ಹುಡುಕುವವರ ಮುಖದಲ್ಲಿದ್ದ ಗಾಬರಿ ನೋಡಿದಾಗ, ಆ ಹುಡುಗಿ ಬೇಗ ಸಿಗಲಿ ಎಂದು ನನಗೂ ಅನ್ನಿಸಿತು. ಅವಳ ಬಗ್ಗೆ ನನಗೆ ಹಾಗೆ ಅನ್ನಿಸಿದ್ದು ಎಷ್ಟೋ ತಿಂಗಳ ಮೇಲೆ.

ಅಷ್ಟರಲ್ಲಿ ಬೂದಿಗುಡ್ಡ ಬಸ್ಸಿನ ಕಂಡಕ್ಟರ್ ಇಮ್ತಿಯಾಜ್ ಮೆಟ್ಟಿಲು ಹತ್ತಿ ಓಡಿ ಬಂದ. ನನ್ನ ಮುಖ ಗೊತ್ತಿದ್ದ ಕೆಲವರಲ್ಲಿ ಅವನೊಬ್ಬ. ಏದುಸಿರು ಬಿಡುತ್ತಾ, “ಅಕ್ಕಾ, ಇಲ್ಲೇ ಇದ್ದೀರಲ್ಲ” ಅಂದ. “ಇವರನ್ನೇ ಹುಡುಕ್ತಿದ್ದೀರೇನು? ಇವರೇ ಅವರು.”

ಕುಂಬಳಕಾಯಿಯ ಹೆಂಗಸು ನನ್ನನ್ನು ಒಂದು ಸಲ, ಚಹಾ ಚೆಲ್ಲಿದ ಸೀರೆಯನ್ನು ಒಂದು ಸಲ ನೋಡಿದರು. ಉದ್ದ ಜಡೆ ಇಲ್ಲದ್ದಕ್ಕೆ ಅವರಿಗೆ ಸ್ವಲ್ಪ ನಿರಾಸೆಯಾಯಿತು ಅನ್ನಿಸುತ್ತದೆ. ಕುಂಬಳಕಾಯಿಯನ್ನು ಮೇಜಿನ ಮೇಲಿಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಸೆರಗಿನಿಂದ ನನ್ನ ಮುಖ ಒರೆಸಿದರು. “ನೀನು ಸುಮ್ಮನೆ ಕೂತ್ಕೋ” ಅಂದರು. “ಬಸ್ಸು ಕರೆಯೋದು ಈ ಹುಡುಗ ನೋಡ್ಕೋತಾನೆ. ನಾನು ಕಾಫಿ ತರ್ತೀನಿ.” ಅವರ ಬಸ್ಸು ಯಾರೂ ಕರೆಯದೆಯೇ ಹೊರಟುಹೋಗಿತ್ತು. ಅದನ್ನು ಹೇಳೋಣವೆಂದರೆ ನನಗೆ ಮಾತಿಲ್ಲ. ಇಮ್ತಿಯಾಜ್ ಕೆಳಗಿಳಿದು, ಬೆಂಚಿನ ಮೇಲೆ ಹತ್ತಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಬಸ್ಸುಗಳ ಹೆಸರು ಕೂಗಲು ಶುರುಮಾಡಿದ.

ಆಗ ಗುರುಲಿಂಗಪ್ಪನವರು ಬಂದರು. ಗುಂಪು ತಾನಾಗಿ ಕರಗಿತು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಾ ಬೀಡಾ ಜಗಿದರು. ಬಹಳ ಹೊತ್ತು ಜಗಿದರು. ಕೆಲಸ ಹೋಯಿತು ಎಂದುಕೊಂಡೆ. ಒಂದು ಅಕ್ಷರ ಹೇಳದೆ ತಿರುಗಿ ಮೆಟ್ಟಿಲಿಳಿದು ಹೊರಟೇಹೋದರು. ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು.

ಅವರ ಸೀಟಿ ಕೆಳಗೆ ಕೇಳಿಸುತ್ತಿತ್ತು. ನಾನು ಒಬ್ಬಳೇ ಕೂತಿದ್ದೆ. ಬಾಗಿಲ ಹತ್ತಿರ, ಗಾಳಿಯಲ್ಲಿ, ಗುರುಲಿಂಗಪ್ಪನವರ ದನಿ ಬಂತು.

“ವನಮಾಲಾ ಅವರೇ...”

ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಯಾವ ಯೋಚನೆಯೂ ಇಲ್ಲದೆ ಕೈ ಚಾಚಿ ಆರಿಸಿದೆ.

“...ನೀವು ಕುರ್ಚಿ ಗೋಡೆ ಕಡೆ ತಿರುಗಿಸಿಕೊಂಡ ದಿನವೇ ನನಗೆ ಗೊತ್ತಾಯ್ತು. ಕೇಳಬೇಕಿತ್ತು. ಕೇಳಿದರೆ ನನ್ನದೂ ಬಯಲಾಗುತ್ತಲ್ಲ ಅಂತ ಸುಮ್ಮನಾದೆ. ನಮ್ಮ ಮನೆಯವಳು ಹೋದ ಮೇಲೆ ನನ್ನ ಮಾತೂ ಹಿಂದೆ ಬಿತ್ತು. ಬೀಡಾ ಹಾಕಿಕೊಂಡರೆ ಬಾಯಿ ಅಲುಗೋದು ಯಾರಿಗೂ ಗೊತ್ತಾಗಲ್ಲ. ಹಾಗೇ ಕಾಲ ತಳ್ಳಿದೆ. ಜನ ಬುದ್ಧಿವಂತ ಅಂದುಕೊಂಡರು, ಹಲ್ಲು ಹಾಳಾಯ್ತು. ಈಗ ಸರ್ಕಾರಿ ಆಸ್ಪತ್ರೆ ಡಾಕ್ಟರ್ ಹತ್ರ ಹೋಗ್ತಿದ್ದೀನಿ. ಮೊದಲು ಅರ್ಧ ದಿನ ಹಿಂದಿತ್ತು, ಈಗ ಇಷ್ಟಕ್ಕೆ ಬಂದಿದೆ. ನೀವೂ ಹೋಗಿ. ರಜೆ ನಾನು ಕೊಡ್ತೀನಿ. ಗಂಟಲು ಅಂತ ಬರೆಯಲ್ಲ.”

ಕುಂಬಳಕಾಯಿಯ ಹೆಂಗಸು ಕಾಫಿ ತಂದಾಗ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯದು. ಸದ್ದಂತೂ ಇರಲಿಲ್ಲ.

ಭಾಸ್ಕರ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರ್ ಲಲಿತಾಂಬ ನಮ್ಮ ಅತ್ತೆಯ ವಯಸ್ಸಿನವರು. ಅವರಲ್ಲಿಗೆ ಬರುವವರೆಲ್ಲ ಹಿಂದೆ ಬಿದ್ದವರೇ. ಹಾಗಾಗಿ ಅಲ್ಲಿ ಸಾಲಾಗಿ ಪುಟ್ಟ ಕೋಣೆಗಳಿವೆ. ಬಂದವರು ಹೇಳುವುದನ್ನೆಲ್ಲ ಹೇಳಿ ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಾರೆ. ಡಾಕ್ಟರು ಆಮೇಲೆ ಒಂದೊಂದು ಕೋಣೆಗೂ ಹೋಗಿ, ಖಾಲಿ ಕುರ್ಚಿಯ ಎದುರು ಕೂತು, ಹೂಂ ಹೂಂ ಎಂದು ತಲೆಯಾಡಿಸುತ್ತಾ ಕೇಳಿಸಿಕೊಳ್ಳುತ್ತಾರೆ. ಹೊಸದಾಗಿ ನೋಡಿದವರಿಗೆ ಚಿಕಿತ್ಸೆ ಬೇಕಾದದ್ದು ಡಾಕ್ಟರಿಗೇ ಅನ್ನಿಸುತ್ತದೆ. ನನ್ನ ಮಾತು ಬರಲು ಅವತ್ತು ಸಂಜೆಯಾಯಿತು. ಅವರು ಮನೆಗೆ ಹೋಗದೆ ಕಾದಿದ್ದರು. ಹೊರಗೆ ಬಂದು, “ಗಂಟಲು ಬಹಳ ಚೆನ್ನಾಗಿದೆಯಮ್ಮಾ” ಅಂದರು. “ಕಷಾಯ ನಿಲ್ಲಿಸಿ. ಈ ಮಾತ್ರೆ ತಗೊಳ್ಳಿ, ನಿದ್ದೆ ಮಾಡಿ. ವಾರಕ್ಕೊಂದು ಸಲ ಬಂದು ಮಾತಾಡಿ ಹೋಗಿ. ಎಷ್ಟು ತಡವಾದರೂ ಪರವಾಗಿಲ್ಲ, ನಾನು ಇರ್ತೀನಿ. ಮತ್ತೆ, ಇಬ್ಬರ ಕೆಲಸ ಒಬ್ಬರು ಮಾಡೋ ಕಾಯಿಲೆಗೆ ನನ್ನ ಹತ್ರ ಮಾತ್ರೆ ಇಲ್ಲ. ಅದಕ್ಕೆ ನಿಮ್ಮ ಆಫೀಸಿನವರೇ ಔಷಧಿ ಕೊಡಬೇಕು.”

ಆ ಔಷಧಿಗೆ ಗುರುಲಿಂಗಪ್ಪನವರೇ ಹೋದರು. ಮೇಲಧಿಕಾರಿಯ ಎದುರು ನಿಂತು ಮಾತಾಡಿದರೆ, ಇವರ ದನಿ ಬರುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. ಅದಕ್ಕೆ ಇವರು ಬೆಳಿಗ್ಗೆ ಅಧಿಕಾರಿ ಬರುವುದಕ್ಕೆ ಸ್ವಲ್ಪ ಮುಂಚೆ, ಕಚೇರಿ ಗುಡಿಸುವ ಹೊತ್ತಿಗೇ ಹೋಗಿ, ಖಾಲಿ ಕೋಣೆಯಲ್ಲಿ, ಖಾಲಿ ಕುರ್ಚಿಗೆ ಹೇಳುವುದೆಲ್ಲ ಹೇಳಿ ಬಂದುಬಿಟ್ಟರು. ಅಧಿಕಾರಿ ಬಂದು ಕೂತು ಕಾಫಿ ಬಾಯಿಗಿಡುವಾಗ ದನಿ ಶುರುವಾಯಿತಂತೆ. ಬೈದು ಬಾಯಿ ಮುಚ್ಚಿಸಲು ಎದುರಿಗೆ ಯಾರೂ ಇಲ್ಲ. ವಾರವಿಡೀ ಹೀಗೇ ನಡೆಯಿತು. ಕೊನೆಗೆ ಅಧಿಕಾರಿ ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿಯುವ ಆಸೆಗೆ ಆದೇಶಕ್ಕೆ ಸಹಿ ಹಾಕಿದರು. ಚೇತನಾ ಎಂಬ ಹುಡುಗಿ ಕೆಲಸಕ್ಕೆ ಬಂದಳು. ಉದ್ದ ಜಡೆಯವಳು.

ನಾನು ಮನೆಯಲ್ಲಿದ್ದ ದಿನಗಳು ಸಲೀಸಾಗಿರಲಿಲ್ಲ. ಕೆಲವು ದಿನ ಹಾಸಿಗೆಯಿಂದ ಏಳಲಿಲ್ಲ. ಮಾತ್ರೆಗೆ ಬಾಯಿ ಒಣಗುತ್ತಿತ್ತು. ಹತ್ತಿರ ಬಂದ ಮಾತು ಮತ್ತೆ ದೂರ ಹೋಗುತ್ತಿತ್ತು, ಆಗ ಎಲ್ಲ ಮುಗಿಯಿತು ಅನ್ನಿಸುತ್ತಿತ್ತು. ಭಾಸ್ಕರ ಪಕ್ಕದಲ್ಲಿ ಕೂತು ಪೆನ್ಸಿಲು ಚೂಪು ಮಾಡುತ್ತಾ ಕಾಯುತ್ತಿದ್ದರು. ಅತ್ತೆಗೆ ನಿಜ ಹೇಳಿದೆವು. ಅವರು ಕತ್ತರಿಸುತ್ತಿದ್ದ ಅಡಿಕೆ ನಿಲ್ಲಿಸಿ, “ಹಾಗಾದರೆ ಕಷಾಯಕ್ಕೆ ಬೆಲ್ಲ ಜಾಸ್ತಿ ಹಾಕ್ತೀನಿ” ಅಂದರು.

ಮಳೆಗಾಲದ ಮೊದಲಿಗೆ ನಾನು ಒಂದು ಪಾಳಿಗೆ ಮರಳಿದೆ. ಮಾತು ಆಗ ಒಂದು ಲೋಟ ಕಾಫಿ ಆರುವಷ್ಟು ಹಿಂದಿತ್ತು. ಗುರುಲಿಂಗಪ್ಪನವರು ಎಲ್ಲ ಡ್ರೈವರುಗಳಿಗೂ ಹೇಳಿದ್ದರು, ಹೆಸರು ಕೇಳಿಸುವ ತನಕ ಬಸ್ಸು ಅಲುಗಬಾರದು. ನಾನು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತೆ. ಬೂದಿಗುಡ್ಡದ ಬಸ್ಸನ್ನು ಕರೆದೆ. ಕೆಳಗೆ ಜನ ನನ್ನ ತುಟಿ ನೋಡಿದರು, ಆಮೇಲೆ ಸ್ಪೀಕರು ನೋಡಿದರು, ಆಮೇಲೆ ಸುಮ್ಮನೆ ನಿಂತರು. ಇಮ್ತಿಯಾಜ್ ಬಾಗಿಲ ಹಿಡಿ ಹಿಡಿದುಕೊಂಡು ಆಕಾಶ ನೋಡುತ್ತಿದ್ದ. ಅವನ ಬಸ್ಸಿನ ಡ್ರೈವರ್ ರಾಚಪ್ಪ ಮಾತ್ರ ತಡೆಯಲಾರದೆ ಮೆಟ್ಟಿಲು ಹತ್ತಿ ಬಂದು ಕಿಟಕಿಗೆ ಬಾಯಿಟ್ಟ.

“ಏನಮ್ಮಾ, ನಿಮ್ಮ ದನಿ ಬರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ.”

ನಾನೂ ಒಂದು ಮಾತು ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಮೊದಲ ಮಾತು ಬಂತು. ಪ್ರಯಾಣಿಕರ ಗಮನಕ್ಕೆ, ಬೂದಿಗುಡ್ಡಕ್ಕೆ ಹೋಗುವ ಬಸ್ಸು ಎರಡನೇ ಅಂಕಣದಿಂದ ಹೊರಡುತ್ತಿದೆ. ಅವನು ಕೆಳಗೆ ಓಡಿ, ಹಾರನ್ ಹೊಡೆದು, ಬಸ್ಸು ಎತ್ತಿಕೊಂಡು ಹೋದ. ಬಸ್ಸು ಗೇಟು ದಾಟಿ ಸೇತುವೆಯ ಮೇಲೆ ಹೋಗುತ್ತಿರುವಾಗ ಎಲ್ಲ ಸ್ಪೀಕರುಗಳಲ್ಲೂ ನನ್ನ ದನಿ ಬಂತು.

“ನೀವು ರಿಟೈರ್ ಆದರೆ ಆ ಬಸ್ಸಿಗಾದರೂ ಆಯಸ್ಸು ಉಳಿಯುತ್ತೆ, ರಾಚಪ್ಪನವರೇ.”

ಇಡೀ ನಿಲ್ದಾಣ ನಕ್ಕಿತು. ಗುರುಲಿಂಗಪ್ಪನವರು ಬೀಡಾ ಉಗುಳಲು ಗೋಡೆಯ ಕಡೆ ಓಡಿದರು. ನನಗೂ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ನಕ್ಕದ್ದು ಅಲ್ಲೇ, ಆಗಲೇ ಕೇಳಿಸಿತು. ಜನರೆಲ್ಲ ತಲೆಯೆತ್ತಿ ಕಿಟಕಿಯ ಕಡೆ ನೋಡಿದರು. ನಾನೂ ಯಾರದು ಎಂದು ಒಂದು ಸಲ ಹಿಂದೆ ತಿರುಗಿ ನೋಡಿದೆ.

ಆಮೇಲೆ ಹಂಚಿನಪೇಟೆಯ ಬಸ್ಸನ್ನು ಕರೆದೆ. ಆ ಮಾತು ತಡವಾಗಿಯೇ ಬಂತು. ಬಸ್ಸೂ ತಡವಾಗಿಯೇ ಬಂತು, ಯಾರೂ ಏನೂ ಅನ್ನಲಿಲ್ಲ.